ಬೊಂಬೆಯ ಮುಂದೆ ಆಡಿದ ಮಾತು

ಅವನು ಮೊದಲ ಸಲ ನನ್ನ ಟೈಲರ್ ಅಂಗಡಿಗೆ ಬಂದಾಗ ಹೊಸ ಪ್ಯಾಂಟೊಂದನ್ನು ಎತ್ತಿ ಹಿಡಿದು, "ಮೇಡಂ, ಇದು ಉದ್ದ ಆಯ್ತಾ, ಇಲ್ಲಾ ನಾನೇ ಗಿಡ್ಡ ಆದ್ನಾ?" ಎಂದು ಕೇಳಿದ.

"ನಿಮ್ಮನ್ನ ಎಳೆದು ಉದ್ದ ಮಾಡೋಕಾಗಲ್ಲ. ಪ್ಯಾಂಟೇ ಕತ್ತರಿಸ್ತೀನಿ, ಕೊಡಿ," ಎಂದೆ.

ಅವನು ನಗಲಿಲ್ಲ. ಫೋನ್ ತೆಗೆದು ಆ ಮಾತನ್ನು ಬರೆದುಕೊಂಡ. ನನಗೆ ಆಗಲೇ ಬುದ್ಧಿ ಬರಬೇಕಿತ್ತು.

ಸ್ಟ್ಯಾಂಡ್-ಅಪ್ ಕಾಮಿಡಿ ಅವನ ಕೆಲಸ. ಕೆಫೆಗಳಲ್ಲಿ, ಆಫೀಸ್ ಪಾರ್ಟಿಗಳಲ್ಲಿ ಮೈಕ್ ಹಿಡಿದು ಜನರನ್ನು ನಗಿಸುತ್ತಿದ್ದ. ನನ್ನ ಕುತ್ತಿಗೆಯಲ್ಲಿ ಸದಾ ಅಳತೆ ಟೇಪು ನೇತಾಡುತ್ತದೆಂದು ನನ್ನನ್ನು ಟೇಪಮ್ಮ ಎಂದು ಕರೆದ. ನಾನು ಅವನನ್ನು ಕೋಡಂಗಿ ಎಂದೆ. ಅಳತೆ ತೆಗೆಯುವಾಗ ಹೊಟ್ಟೆ ಒಳಗೆಳೆದುಕೊಂಡು, ಕಣ್ಣಂಚಿನಲ್ಲಿ ನನ್ನನ್ನೇ ನೋಡುತ್ತಿದ್ದ.

"ಉಸಿರು ಬಿಡ್ರೀ. ಆಮೇಲೆ ಅಂಗಿ ಬಿಗಿ ಆಯ್ತು ಅಂತ ನನ್ನನ್ನ ಬಯ್ಯಬೇಡಿ."

"ನೀವು ಇಷ್ಟು ಹತ್ರ ನಿಂತ್ರೆ ಉಸಿರು ಹೇಗ್ರೀ ಬರುತ್ತೆ?"

ಗಿರಾಕಿಗಳಿಗೆ ಚುರುಕಾಗಿ ಉತ್ತರ ಕೊಡುವ ನನಗೆ ಪ್ರೀತಿಯ ಮಾತು ಮಾತ್ರ ಗಂಟಲು ದಾಟುವುದಿಲ್ಲ. ಅದಕ್ಕೇ ಅಂಗಡಿಯ ತಲೆಯಿಲ್ಲದ ಬೊಂಬೆಗೆ ಅವನ ಅರ್ಧ ಹೊಲಿದ ಅಂಗಿ ತೊಡಿಸಿ, ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿದೆ. "ನೀವಿಲ್ದೇ ನಂಗೆ ಆಗಲ್ಲ" ಎಂದು ಮತ್ತೆ ಮತ್ತೆ ಹೇಳುತ್ತಾ, ಕೊನೆಗೆ ಅದರ ಖಾಲಿ ತೋಳು ಹಿಡಿದುಕೊಂಡು ಅತ್ತುಬಿಟ್ಟೆ. ನಾವಿಬ್ಬರೂ ಒಬ್ಬರಿಗೊಬ್ಬರು ಪ್ರೀತಿ ಒಪ್ಪಿಕೊಂಡ ಮೇಲೆ ಇದನ್ನೂ ಅವನಿಗೆ ಹೇಳಿದೆ. ಅವನು ನನ್ನ ತಲೆಯ ಮೇಲೆ ಕೈಯಿಟ್ಟು, "ಇದು ನನ್ನ ಹೊಟ್ಟೆಯೊಳಗೇ ಇರುತ್ತೆ, ಆಣೆ" ಎಂದ. ಜಗತ್ತಿನಲ್ಲಿ ಇನ್ಯಾರಿಗೂ ಹೇಳದ್ದನ್ನು ಹೇಳಿಕೊಳ್ಳಲು ನನಗೊಬ್ಬ ಮನುಷ್ಯ ಸಿಕ್ಕಿದ್ದ.

ಆಮೇಲೆ ಟಿವಿಯವರು ಅವನನ್ನು ಕರೆದರು. ಅವನೊಬ್ಬನದೇ ಕಾರ್ಯಕ್ರಮ, ದೊಡ್ಡ ಹಾಲ್. ಒಂದೇ ದಿನ ಎರಡು ಶೋ ಶೂಟ್ ಮಾಡಿ, ಎರಡರಲ್ಲೂ ಚೆನ್ನಾಗಿ ಬಂದದ್ದನ್ನು ಸೇರಿಸಿ ಒಂದೇ ಶೋ ಎಂಬಂತೆ ತೋರಿಸುತ್ತಾರಂತೆ. ಮೊದಲ ಶೋನಲ್ಲಿ ಬೆವರಿದ್ದನ್ನು ಎರಡನೇ ಶೋಗೆ ಬದಲಿಸಲು ಒಂದೇ ಥರದ ಎರಡು ಗೆರೆ ಅಂಗಿ ಬೇಕಿತ್ತು. ನಾನೇ ಹೊಲಿದೆ. ಎರಡನೆಯದರ ಜೇಬಿನ ಗೆರೆ ಅಂಗಿಯ ಗೆರೆಗೆ ಕೂಡದೆ ಕೂದಲೆಳೆಯಷ್ಟು ಸರಿದಿತ್ತು.

"ಯಾರಿಗೂ ಕಾಣಲ್ಲ ಬಿಡೇ, ಟೇಪಮ್ಮ."

"ನಂಗೆ ಕಾಣುತ್ತೆ."

ಮೊದಲ ಶೋನಲ್ಲಿ ನಾನು ಮುಂದಿನ ಸಾಲಿನಲ್ಲೇ ಕೂತಿದ್ದೆ. ಶುರುವಿನಲ್ಲೇ ಅವನಿಗೆ ಮಾತು ಮರೆತುಹೋಯಿತು. ಮೈಕ್ ಹಿಡಿದು ಸುಮ್ಮನೆ ನಿಂತುಬಿಟ್ಟ. ಹಾಲ್‌ನಲ್ಲಿ ಯಾರೋ ಕೆಮ್ಮಿದರು. ಅವನ ಕಣ್ಣುಗಳು ನನ್ನನ್ನು ಹುಡುಕಿದವು. ನನಗೆ ನಗು ಬಂದಿರಲಿಲ್ಲ, ಆದರೂ ಹೊಟ್ಟೆ ಹಿಡಿದುಕೊಂಡು ಗಟ್ಟಿಯಾಗಿ ನಕ್ಕೆ. ಬೇಕೆಂದೇ ಸುಮ್ಮನಾಗಿದ್ದಾನೆಂದುಕೊಂಡು ಜನರೂ ನಕ್ಕರು. ಅಷ್ಟರಲ್ಲಿ ಅವನಿಗೆ ಮಾತು ನೆನಪಾಯಿತು. ನನ್ನತ್ತ ನೋಡಿ ಹುಬ್ಬು ಹಾರಿಸಿದ. ಆ ಗಳಿಗೆಯಷ್ಟು ನಾನು ಅವನನ್ನು ಎಂದೂ ಪ್ರೀತಿಸಿರಲಿಲ್ಲ.

ಕೊನೆಯ ಜೋಕು ಬೊಂಬೆಯದು.

ನನ್ನ ದನಿಯನ್ನೇ ಅಣಕಿಸಿದ. ಮೈಕ್ ಸ್ಟ್ಯಾಂಡನ್ನು ತಬ್ಬಿಕೊಂಡು, "ನೀವಿಲ್ದೇ ನಂಗೆ ಆಗಲ್ಲ" ಎಂದು ಬಿಕ್ಕಿದ. "ತಲೆ ಇಲ್ಲದವನು ಸಿಕ್ಕಿದ್ದಾನೆ, ಇನ್ನು ತಲೆ ಇದ್ದವನು ಯಾಕೆ ಬೇಕು ಅಂತ ಯೋಚಿಸಿರ್ತಾಳೆ!" ಎಂದ. ಹಾಲ್ ಬಿದ್ದು ಬಿದ್ದು ನಕ್ಕಿತು. ಪಕ್ಕದ ಹೆಂಗಸು ಕಣ್ಣೊರೆಸಿಕೊಳ್ಳುತ್ತಾ ನನ್ನ ತೊಡೆ ತಟ್ಟಿದಳು. ನಾನು ಎದ್ದು ಹೊರಗೆ ನಡೆದೆ. ಎರಡನೇ ಶೋಗೆ ನಿಲ್ಲಲಿಲ್ಲ. ಅವನ ಫೋನನ್ನೂ ತೆಗೆಯಲಿಲ್ಲ.

ಆ ಜೋಕನ್ನು ತೆಗೆಸುತ್ತಾನೆಂಬ ಆಸೆಯೊಂದು ಎಲ್ಲೋ ಉಳಿದಿತ್ತು. ಶೋ ಟಿವಿಯಲ್ಲಿ ಬಂದ ದಿನ ಮೆಷಿನ್ ನಿಲ್ಲಿಸಿ ಕೂತೆ.

ಜೋಕು ಬಂತು. ಅದರ ಬೆನ್ನಿಗೇ ನನ್ನ ಮುಖ ಬಂತು. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೇನೆ! ಅವನನ್ನು ಉಳಿಸಲು ನಕ್ಕ ಆ ನಗುವನ್ನು ಕಿತ್ತು ಇಲ್ಲಿಗೆ ತಂದು ಅಂಟಿಸಿದ್ದರು. ಆಮೇಲೆ ಅವನು ಕೈಮುಗಿದು ನಿಂತ, ಕಣ್ಣಲ್ಲಿ ನೀರು. ಜನ ಅದನ್ನು ಆನಂದಬಾಷ್ಪ ಎಂದುಕೊಂಡಿರಬೇಕು. ನಾನು ಅವನ ಅಂಗಿಯ ಜೇಬು ನೋಡಿದೆ. ಗೆರೆ ಕೂಡಿರಲಿಲ್ಲ. ಅದು ಎರಡನೇ ಅಂಗಿ. ನನ್ನ ಕುರ್ಚಿ ಖಾಲಿಯಿದ್ದ ಶೋನಲ್ಲಿ ಅವನು ಅತ್ತಿದ್ದ.

ಚಿಕ್ಕಮ್ಮ ಫೋನ್ ಮಾಡಿದರು. "ಅವನ ಜೊತೆ ಮಾತು ಬಿಟ್ಟಿದ್ದೀಯಂತೆ? ಟಿವಿಯಲ್ಲಿ ನೀನೇ ಹಲ್ಲು ಕಿಸಿದಿದ್ದೀಯಲ್ಲೇ, ಮತ್ತೇನು ಕೋಪ?"

ಯಾರಿಗೆಂದು ವಿವರಿಸಲಿ?

ಮರುದಿನ ಅವನು ಬಂದ. ಬಾಗಿಲಲ್ಲೇ ನಿಂತ. "ಎರಡನೇ ಶೋನಲ್ಲಿ ಅದನ್ನ ಹೇಳಲಿಲ್ಲ ಕಣೇ. ಕೊನೆ ಪೂರ್ತಿ ಸಪ್ಪೆ ಆಯ್ತು. ಟಿವಿಯವರು ಮೊದಲನೇ ಶೋದೇ ಹಾಕಿದ್ರು. ಬೇಡ ಅಂತ ಕೈಕಾಲು ಹಿಡಿದೆ. ನಿನ್ನ ನಗು ಅಲ್ಲಿಗೆ ಹಾಕ್ತಾರೆ ಅಂತ ನಂಗೂ ಗೊತ್ತಿರಲಿಲ್ಲ."

"ಮೊದಲ ಶೋನಲ್ಲಿ ಹೇಳಿದ್ಯಾಕೆ?"

ತಲೆ ತಗ್ಗಿಸಿದ. "ಚಿಕ್ಕ ಚಿಕ್ಕ ಕೆಫೆಗಳಲ್ಲಿ ಹೇಳಿ ನೋಡಿದ್ದೆ. ಎಲ್ಲಕ್ಕಿಂತ ಜಾಸ್ತಿ ಅದಕ್ಕೇ ನಗ್ತಿದ್ರು."

ಹಾಗಾದರೆ ಊರಿಗೆಲ್ಲ ಮೊದಲೇ ಗೊತ್ತಿತ್ತು. ನಾನೇ ಕೊನೆಯವಳು.

"ಇನ್ಮೇಲೆ ನಿನ್ನ ಒಂದು ಮಾತೂ ಸ್ಟೇಜ್‌ಗೆ ಹೋಗಲ್ಲ," ಎಂದ.

"ಹೋಗೋಕೆ ನಾನು ಮಾತಾಡಬೇಕಲ್ಲ. ಈಗ ಬಾಯಿ ತೆಗೆದ್ರೆ, ನೀನು ಕೇಳಿಸ್ಕೊಳ್ತಿದ್ದೀಯೋ ಬರ್ಕೊಳ್ತಿದ್ದೀಯೋ ಅಂತಾನೇ ನೋಡ್ತಿರ್ತೀನಿ. ಹಾಗೆ ಬದುಕೋಕಾಗಲ್ಲ ಕಣೋ."

ಅವನ ಅಂಗಿಯ ಕಾಲರ್ ಮಡಚಿಕೊಂಡಿತ್ತು. ಅಭ್ಯಾಸ ಬಲದಿಂದ ಹೋಗಿ ಸರಿಮಾಡಿದೆ. ಅವನು ಉಸಿರು ಬಿಗಿಹಿಡಿದ. ಅವನ ಮೇಲೆ ಕೋಪವಷ್ಟೇ ಇದ್ದಿದ್ದರೆ ಎಷ್ಟು ಸುಲಭವಿತ್ತು! ಪ್ರೀತಿಯೂ ಹಾಗೇ ಇತ್ತು, ಒಂದಿಷ್ಟೂ ಕಡಿಮೆಯಾಗದೆ.

"ಹೋಗೋಕೆ ಮುಂಚೆ ಒಂದ್ಸಲ ನಗ್ತೀಯಾ?" ಎಂದು ಕೇಳಿದ.

"ಹಿಂದೆ ನಕ್ಕಿದ್ದನ್ನೇ ಹಾಕ್ಕೋ, ಕೋಡಂಗಿ."

ಅವನು ಈ ಸಲ ಫೋನ್ ತೆಗೆಯಲಿಲ್ಲ. ಮೆಟ್ಟಿಲಿಳಿದು ಹೋದ. ನಾನು ಬೊಂಬೆಯನ್ನು ಗೋಡೆಯ ಕಡೆ ತಿರುಗಿಸಿ, ಮೆಷಿನ್ ಮುಂದೆ ಕೂತೆ.