ನೀರು ಬಿಡುವ ಹೊತ್ತು

"ಭಾವ ಅಂತ ಬಾಯ್ತುಂಬ ಕರೀಬೇಕು ಅಂತಿದ್ದೆ. ಅಷ್ಟರಲ್ಲಿ ಹಲ್ಲೇ ಉದುರಿಸಿಬಿಟ್ರಲ್ಲಾ!"

ನೀರಿಲ್ಲದ ಹೊಳೆಯ ಕಲ್ಲುಗಳ ಮೇಲೆ ಬಿದ್ದುಕೊಂಡೇ ನಗುತ್ತಿದ್ದ ಸೇತುವೆ ಮೇಸ್ತ್ರಿ. ಅವನ ಎದೆಯ ಮೇಲೆ ಕುಳಿತು, ಅವನು ಮೆಚ್ಚಿದ ಹುಡುಗಿಯ ಅಣ್ಣ ಗುದ್ದುತ್ತಿದ್ದ. ಇವನನ್ನೇ ಮದುವೆಯಾಗುತ್ತೇನೆಂದು ತಂಗಿ ಬೆಳಿಗ್ಗೆ ಹೇಳಿದ್ದಳು, ಅಷ್ಟೇ.

ಅವಳು ಮೇಲೆ, ಒಡ್ಡಿನ ತೂಬಿನ ಕೋಣೆಯಲ್ಲಿದ್ದಳು. ಚಕ್ರ ತಿರುಗಿಸಿ ನೀರು ಬಿಡುವುದು ಅವಳ ಕೆಲಸ. ಬೆಟ್ಟದ ಬಂಡೆಸಂದಿಯಲ್ಲಿ ಹುಟ್ಟಿ, ಕಮರಿಗೆ ಧುಮುಕಿ, ಊರಿನ ಬೆನ್ನಹಿಂದೆ ಹರಿಯುವ ಈ ಪುಟ್ಟ ನದಿಯನ್ನು ಸೇತುವೆಯ ಕಂಬ ಕಟ್ಟಲೆಂದು ತಡೆದು ನಿಲ್ಲಿಸಿದ್ದರು. ಮೇಲೆಲ್ಲೋ ಮೋಡ ಹರಿದುಬಿದ್ದು ಈಗ ಕೆಂಪು ನೀರು ಒಡ್ಡಿನ ಅಂಚು ಮುಟ್ಟಿತ್ತು. ಕಾಲಡಿಯ ಕಲ್ಲು ನಡುಗುತ್ತಿತ್ತು.

ಸೈರನ್ ಕೂಗಿಸಿದಳು. ಕೆಲಸದವರೆಲ್ಲ ದಡ ಹತ್ತಿದರು, ಇವರಿಬ್ಬರ ಹೊರತು.

"ಕೇಳಿಸ್ತೇನೋ? ನಿನ್ನ ಬಿಡಿಸೋಕೆ ಸೈರನ್ ಹಾಕ್ತಿದ್ದಾಳೆ!" ಅಣ್ಣ ಮತ್ತೊಂದು ಬಿಟ್ಟ.

"ಅಣ್ಣಾ, ನೀರು ಬರ್ತಿದೆ, ಹತ್ತೋ!" ಅವಳು ಮೇಲಿನಿಂದ ಕೂಗಿದಳು.

"ನೀರೂ ಇಲ್ಲ ಗೀರೂ ಇಲ್ಲ! ಸಾಕು ನಿನ್ನ ನಾಟಕ!"

ತೂಬು ತೆರೆಯದಿದ್ದರೆ ಒಡ್ಡೇ ಒಡೆದು ಊರು ಕೊಚ್ಚಿಹೋಗುತ್ತದೆ. ತೆರೆದರೆ ಇವರಿಬ್ಬರು.

ಮೇಸ್ತ್ರಿ ಕತ್ತೆತ್ತಿ ನೋಡಿದ. ದಿನವೂ ಕಣ್ಣು ಮಿಟುಕಿಸಿ ಅವಳ ಕೆನ್ನೆ ಕೆಂಪಾಗಿಸುತ್ತಿದ್ದವನು ಇವತ್ತು ಅವಳ ಮುಖವನ್ನಷ್ಟೇ ಓದಿದ. ಅಷ್ಟು ಹೊತ್ತೂ ಕೈಯೆತ್ತದಿದ್ದವನು ಅಣ್ಣನ ದವಡೆಗೆ ಬಾರಿಸಿದ. ಆ ಸದ್ದು ಅವಳಿಗೂ ಕೇಳಿತು. ಪ್ರಜ್ಞೆ ತಪ್ಪಿದವನ ರಟ್ಟೆ ಹಿಡಿದು ದಡದತ್ತ ದರದರ ಎಳೆಯತೊಡಗಿದ.

ಒಡ್ಡು ಬಿರುಕು ಬಿಟ್ಟಿತು. ಅವಳು ಚಕ್ರ ತಿರುಗಿಸಿದಳು.

ಹುಚ್ಚೆದ್ದ ನೀರು ಕಮರಿಗೆ ನುಗ್ಗಿ, ಕಂಬದ ಸುತ್ತ ಕಟ್ಟಿದ್ದ ಮರದ ಸಾರವೆಯನ್ನು ಕಡ್ಡಿಯಂತೆ ಮುರಿದು, ಮರಗಳನ್ನು ಬೇರುಸಹಿತ ಕಿತ್ತುಕೊಂಡು ಹೋಯಿತು.

ಅವಳು ಓಡಿಬಂದಾಗ ಇಬ್ಬರೂ ದಡದ ಕೆಸರಲ್ಲಿದ್ದರು. ಅಣ್ಣ ಕಣ್ಣುಬಿಟ್ಟ.

"ನನ್ನನ್ನೇ ಹೊಡೆದ ಇವನು!"

"ಕರೆದ್ರೆ ಬರೋ ಆಸಾಮಿನಾ ನೀವು?" ಮೇಸ್ತ್ರಿ ಏದುಸಿರಿನಲ್ಲೇ ಅಂದ.

ತಾವು ಹೊಡೆದಾಡಿದ ಜಾಗದಲ್ಲಿ ಸುಳಿ ತಿರುಗುವುದನ್ನು ಅಣ್ಣ ನೋಡಿದ. ರಕ್ತ ಉಗುಳಿದ.

"ಕೈ ಗಟ್ಟಿಯಿದೆ ನಿಂದು. ಇವಳ ಮೇಲೆ ಎತ್ತಿದ್ಯೋ, ಕತ್ತರಿಸಿ ಹಾಕ್ತೀನಿ."

ಅವಳಿಗೆ ಅದು ಕೇಳಿಸಲೇ ಇಲ್ಲ.

"ತೂಬು ತೆಗೆದಾಗ ನೀವಿಬ್ರೂ ಇನ್ನೂ ಕೆಳಗೇ ಇದ್ರಿ," ಅಂದಳು ಮೇಸ್ತ್ರಿಗೆ. "ನೋಡ್ಕೊಂಡೇ ತೆಗೆದೆ."

"ಗೊತ್ತು. ನಾನೂ ನೋಡ್ತಿದ್ದೆ."

"ಆದ್ರೂ ನನ್ನ ಮದ್ವೆ ಆಗ್ತೀಯಾ?"

ಮೇಸ್ತ್ರಿ ಅವಳ ತಲೆಯನ್ನು ತನ್ನ ಕೆಸರಿನ ಎದೆಗೊತ್ತಿಕೊಂಡ. ಅಣ್ಣ ದವಡೆ ಹಿಡಿದುಕೊಂಡು ಹೊಳೆಯ ಕಡೆ ತಿರುಗಿ ಕುಳಿತ.