ಬಾಗಿಲ ಹಿಂದಿನ ಕೊಳಲು

ರಾಜನೂ ಇಲ್ಲದ, ರಾಣಿಯೂ ಇಲ್ಲದ ಒಂದಾನೊಂದು ಮನೆಯಲ್ಲಿ ಮಹಡಿಯ ಮೇಲೊಂದು ಕೋಣೆಯಿತ್ತು. ಕಿಟಕಿ ತೆರೆದರೆ ಮೋಡವೇ ಒಳಗೆ ಬಂದು ಕಾಲು ಚಾಚಿ ಕೂರುವಂಥ ಕೋಣೆ. ಅದರ ಮೇಲೆ ಆ ಮನೆಯ ಹುಡುಗಿ ಚೂಟಿಗೆ ಕಣ್ಣು. ಮೀನಿನ ತೊಟ್ಟಿಗಳಿಗೆ ಜಾಗ ಹುಡುಕುತ್ತಿದ್ದ ಚಿಕ್ಕಪ್ಪನಿಗೂ ಕಣ್ಣು.

ಬೀಗದ ಕೈ ಸೋದರತ್ತೆಯ ಸೊಂಟದಲ್ಲಿತ್ತು. "ಒಂದು ಗಂಟೆ ಕೊಳಲು ಊದ್ತೀನಿ, ಊದ್ತೀನಿ ಅಂತ ವರ್ಷದಿಂದ ಹೇಳ್ತಿದೀಯಲ್ಲೇ! ನಾಳೆ ಸಂಜೆ ಊದು, ಕೋಣೆ ನಿಂದು. ಇಲ್ಲಾಂದ್ರೆ ಮೀನುಗಳದ್ದು."

ಮೀನಿಗಿಂತ ಕಡೆಯಾದೆನೇ ಎಂದು ಚೂಟಿಗೆ ಉರಿದುಹೋಯಿತು. ಆದರೆ ಊದಿದರೆ ಕೆನ್ನೆ ನೋಯುತ್ತದೆ. ಕೆನ್ನೆಗೆ ನೋವಾಗದೆ ಕೋಣೆ ಸಿಗಬೇಕು.

ದೂರದ ಸಂಗೀತ ಶಾಲೆಯೊಂದು ಇಂಟರ್ನೆಟ್ ರೇಡಿಯೋದಲ್ಲಿ ಮಕ್ಕಳ ಅಭ್ಯಾಸವನ್ನು ನೇರವಾಗಿ ಕೇಳಿಸುತ್ತಿತ್ತು. ಪಂಡಿತರ ಕೊಳಲಿನ ದನಿ ಕದ್ದರೆ ಸಿಕ್ಕಿಬೀಳುವುದು ಖಂಡಿತ. ಕಳ್ಳರೂ ತಮ್ಮ ಯೋಗ್ಯತೆ ಅರಿತು ಕದಿಯಬೇಕು. ಅವಳು ಎಲ್ಲರಿಗಿಂತ ದಡ್ಡ ವಿದ್ಯಾರ್ಥಿಯ ಸರದಿಗೆ ಕಾದಳು. ಕಂಪ್ಯೂಟರಿನಲ್ಲಿ ರೇಡಿಯೋ ದನಿ ಏರಿಸಿ, ಅದರಲ್ಲೇ ಇದ್ದ ರೆಕಾರ್ಡರಿನ ಕೆಂಪು ಗುಂಡಿ ಒತ್ತಿದಳು. ಆಹಾ, ಏನು ಅಪಸ್ವರ! ತನ್ನದೇ ಎಂದು ತಾನೇ ನಂಬುವಷ್ಟು! ಮೊದಲ ನಾಲ್ಕು ಸ್ವರ ಕೇಳಿ ನೋಡಿದಳು. ಅನ್ನ ಬೆಂದಿದೆಯೇ ಎನ್ನಲು ಒಂದು ಅಗುಳು ಸಾಕಲ್ಲ.

ಮರುದಿನ ಸಂಜೆ ಕೆಳಗೆ ತಾನು ಮಲಗುವ ಕೋಣೆಯ ಬಾಗಿಲಿಗೆ ಚಿಲಕ ಹಾಕಿ, ಕಂಪ್ಯೂಟರಿಗೆ ಊದುವ ಕೆಲಸ ವಹಿಸಿ, ಹಾಸಿಗೆಯಲ್ಲಿ ಅಂಗಾತ ಮಲಗಿದಳು. ಮಹಡಿಯ ಕೋಣೆಗೆ ನೀಲಿ ಪರದೆಯೋ ಹಳದಿಯೋ ಎಂಬುದಷ್ಟೇ ಈಗ ಉಳಿದ ಚಿಂತೆ. ಹೊರಗೆ ಅತ್ತೆ ಹೇಳುವುದು ಕೇಳಿಸಿತು: "ನೋಡೋ, ಪಾಪ, ಎಷ್ಟು ಕಷ್ಟಪಡ್ತಿದೆ ಕೂಸು!"

"ಕಷ್ಟ ನಮ್ದು, ಅಕ್ಕ," ಎಂದ ಚಿಕ್ಕಪ್ಪ.

ಹಳದಿಯೇ ಇರಲಿ ಎಂದು ಚೂಟಿ ನಿರ್ಧರಿಸುವ ಹೊತ್ತಿಗೆ, ಕೊಳಲಿನ ನಡುವಿನಿಂದ ಅತ್ತೆಯ ದನಿ ಗುಡುಗಿತು: "ಏ ಚೂಟೀ, ಹಾಲು ಉಕ್ತಿದೆ, ಒಲೆ ಆರಿಸೇ!" ಹಿಂದೆಯೇ ಚೂಟಿಯ ದನಿ: "ಬಂದೇ ಅತ್ತೇ!" ಕೊಳಲು ಮಾತ್ರ ನಿಲ್ಲಲೇ ಇಲ್ಲ. ಹೊರಗೆ ಚಿಕ್ಕಪ್ಪ ಅತ್ತೆಯ ಮುಚ್ಚಿದ ಬಾಯನ್ನೇ ನೋಡಿದ. "ಅಕ್ಕಾ, ನೀನು ಇಲ್ಲೇ ಇದೀಯ. ಒಳಗಿರೋಳು ಯಾರು?" ರೆಕಾರ್ಡರು ಹಿಡಿದಿದ್ದು ಕಂಪ್ಯೂಟರಿನೊಳಗಿನ ದನಿಯನ್ನಲ್ಲ, ಮೈಕಿನಿಂದ ಇಡೀ ಮನೆಯ ದನಿಯನ್ನು; ಆ ಒಂದು ಆಯ್ಕೆಯನ್ನು ಬದಲಿಸಲು ಅವಳು ಮರೆತಿದ್ದಳು. ಮೀನುಗಳು ಮಹಡಿ ಹತ್ತಿದವು. ಅತ್ತೆ ಎದುರಿಗೇ ಕೂತು, ತೊಡೆ ತಟ್ಟಿ ತಾಳ ಹಾಕಿ ಊದಿಸಿದಳು. ಪೂರ್ತಿ ಒಂದು ಗಂಟೆ.