ಕಸಕ್ಕೆ ಹೋದ ಚುಕ್ಕಿ

“ಕಸ. ಕಸ. ನಿಜ. ಕಸ. ಅತ್ತೆ, ನಂದು ಮುಗೀತು.”

ಪಟಪಟಿ ಮೌಸ್ ಬಿಟ್ಟು ಕುರ್ಚಿಯಲ್ಲೇ ಒಂದು ಸುತ್ತು ತಿರುಗಿದಳು. ಅವಳಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಊಟ, ಮಾತು, ಹೋಮ್‌ವರ್ಕ್, ಯಾವುದೇ ಇರಲಿ, ಪಟಪಟ ಮುಗಿಯಬೇಕು.

ಪಕ್ಕದ ಕಂಪ್ಯೂಟರಿನಿಂದ ಉದ್ದಣ್ಣ ತಲೆ ಎತ್ತಿದ. ಅವನು ಅತ್ತೆಯ ಜೊತೆ ಕೆಲಸ ಮಾಡುವವನು. ಬಾಗಿಲಲ್ಲಿ ಬಗ್ಗಿ ಒಳಗೆ ಬರುವಷ್ಟು ಉದ್ದ.

“ಇನ್ನೂರೂ ಆಯ್ತಾ? ನಂದಿನ್ನೂ ತೊಂಬತ್ತು.”

“ನೀವು ತುಂಬಾ ನಿಧಾನ ಉದ್ದಣ್ಣ.”

“ನಿನ್ನ ಮುಂದೆ ನಾನ್ಯಾವ ಲೆಕ್ಕ ಬಿಡು,” ಎಂದು ಅವನು ನಕ್ಕ. ಪಟಪಟಿ ಉಬ್ಬಿಹೋದಳು.

ಅತ್ತೆಯದು ಆಕಾಶ ನೋಡುವ ಕೆಲಸ. ದೂರದ ಬೆಟ್ಟದ ಮೇಲಿನ ಟೆಲಿಸ್ಕೋಪು ಆಕಾಶದ ಫೋಟೋ ತೆಗೆದು ಕಳಿಸುತ್ತದೆ. ಹಿಂದೆ ಇಲ್ಲದ ಚುಕ್ಕಿ ಎಲ್ಲಾದರೂ ಕಂಡರೆ ಕಂಪ್ಯೂಟರು ಆರಿಸಿ ಇಡುತ್ತದೆ. ಆದರೆ ಕಂಪ್ಯೂಟರಿಗೆ ಎಲ್ಲವೂ ಚುಕ್ಕಿಯೇ, ಗಾಜಿನ ಮೇಲಿನ ಧೂಳೂ ಚುಕ್ಕಿ, ಅಡ್ಡ ಹಾದುಹೋದ ವಿಮಾನವೂ ಚುಕ್ಕಿ. ಅದಕ್ಕೇ ಮನುಷ್ಯರು ಕೂತು ನೋಡಬೇಕು. ಸಿಡಿದ ನಕ್ಷತ್ರದ ಹಾಗಿದ್ದರೆ ‘ನಿಜ’, ಇಲ್ಲದಿದ್ದರೆ ‘ಕಸ’.

ಶಾಲೆ ಬಿಟ್ಟ ಮೇಲೆ ಅಮ್ಮ ಬರುವವರೆಗೆ ಪಟಪಟಿ ಅತ್ತೆಯ ಆಫೀಸಿನಲ್ಲೇ ಇರುತ್ತಿದ್ದಳು. ಒಂದು ತಿಂಗಳಿಂದ ಅತ್ತೆ ಅವಳಿಗೂ ಈ ಕೆಲಸ ಕೊಟ್ಟಿದ್ದರು. ಕ್ಲಾಸಿನಲ್ಲಿ ಇದನ್ನು ಹೇಳಿಕೊಂಡು ಹೇಳಿಕೊಂಡು ಅವಳ ಬಾಯಿ ನೋಯುವುದೊಂದು ಬಾಕಿ.

“ಒಂದೊಂದು ಚುಕ್ಕಿಗೂ ಮೂರು ಚಿತ್ರ,” ಎಂದು ಅತ್ತೆ ಮೊದಲ ದಿನವೇ ತೋರಿಸಿದ್ದರು. “ಹಳೇದು, ಹೊಸದು, ಹೊಸದರಿಂದ ಹಳೇದನ್ನ ಕಳೆದು ಉಳಿದಿದ್ದು. ಮೂರೂ ನೋಡ್ಬೇಕು.”

ಪಟಪಟಿ ಒಂದು ವಾರ ಮೂರೂ ನೋಡಿದಳು. ಆಮೇಲೆ ಅವಳಿಗೊಂದು ಸುಲಭದ ದಾರಿ ಹೊಳೆಯಿತು. ನಕ್ಷತ್ರಗಳು ಇರುವುದು ಗ್ಯಾಲಕ್ಸಿಗಳಲ್ಲಿ, ಗುಂಪು ಗುಂಪಾಗಿ. ಹಾಗಿದ್ದ ಮೇಲೆ ಹಳೆಯ ಚಿತ್ರದಲ್ಲಿ ಗ್ಯಾಲಕ್ಸಿಯ ಮಸುಕು ಬೆಳಕು ಇಲ್ಲದಿದ್ದರೆ ಅದು ಕಸವೇ ತಾನೇ? ಮಿಕ್ಕ ಎರಡು ಚಿತ್ರ ನೋಡುವ ಗೋಜೇ ಇಲ್ಲ. ಈ ಗುಟ್ಟನ್ನು ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಉದ್ದಣ್ಣನೂ ಅವಳಷ್ಟೇ ಜೋರಾಗಿಬಿಡುತ್ತಾನೆ.

ಉದ್ದಣ್ಣ ಫ್ಲಾಸ್ಕಿನಿಂದ ಟೀ ಬಗ್ಗಿಸಿಕೊಳ್ಳುತ್ತ, “ಮೇಡಂ, ಈ ತಿಂಗಳೂ ಕ್ಯಾಲ್ಸಿಯಂದು ಒಂದೂ ಸಿಗಲಿಲ್ಲ,” ಎಂದ.

“ಕ್ಯಾಲ್ಸಿಯಂ ಅಂದ್ರೆ ಹಾಲಲ್ಲಿರೋದಲ್ವಾ?” ಪಟಪಟಿ ಕೇಳಿದಳು.

“ಅದೇ. ಹಾಲಲ್ಲಿ, ಸುಣ್ಣದಲ್ಲಿ, ನಿನ್ನ ಹಲ್ಲಲ್ಲಿ.” ಅತ್ತೆ ಬೋರ್ಡಿನ ಮೇಲೆ ಸುರುಳಿಯಂಥ ಗ್ಯಾಲಕ್ಸಿ ಬರೆದರು. “ಕೆಲವು ನಕ್ಷತ್ರ ಸಿಡಿದಾಗ ಸಿಕ್ಕಾಪಟ್ಟೆ ಕ್ಯಾಲ್ಸಿಯಂ ಕಾಣುತ್ತೆ. ಅಂಥವು ಅಪರೂಪ. ಬೆಳಕೂ ಮಂಕು, ಬೇಗ ಆರಿಹೋಗ್ತವೆ. ಎಲ್ಲಿ ಸಿಡೀತವೆ ಹೇಳು?”

ಪಟಪಟಿ ಸುರುಳಿಯ ನಡುವೆ ಬೆರಳಿಟ್ಟಳು.

ಅತ್ತೆ ಬೋರ್ಡಿನ ಆ ತುದಿಗೆ ನಡೆದುಹೋಗಿ ಖಾಲಿ ಜಾಗದಲ್ಲಿ ಒಂದು ಚುಕ್ಕಿ ಇಟ್ಟರು. “ಎಷ್ಟೋ ಸಲ ಇಲ್ಲಿ. ನಾವು ನೋಡೋ ಸಣ್ಣ ಚಿತ್ರದಲ್ಲಿ ಪಕ್ಕ ಏನೂ ಇರೋದೇ ಇಲ್ಲ.”

ಪಟಪಟಿ ಸುರುಳಿಯಿಂದ ಬೆರಳು ತೆಗೆದಳು. ಇವತ್ತೇ ಅಂಥದ್ದೊಂದು ಇತ್ತು. ಮೂರನೆಯ ಚಿತ್ರದ ದುಂಡನೆಯ ಚುಕ್ಕಿ ಕಣ್ಣಂಚಿಗೆ ಬಿದ್ದಿತ್ತು. ಅಷ್ಟರಲ್ಲಿ ಬೆರಳು ‘ಕಸ’ ಒತ್ತಿಯಾಗಿತ್ತು.

“ಐದಕ್ಕೆ ಪಟ್ಟಿ ಕಳಿಸ್ಬೇಕು ಮೇಡಂ,” ಎಂದ ಉದ್ದಣ್ಣ. “ಇವಳದ್ದನ್ನೂ ಒಂದ್ಸಲ ನೋಡಿ ಸೇರಿಸ್ಲಾ?”

“ನೋಡೋದೇನೂ ಬೇಡ. ಅವಳದ್ದು ಸರಿಯಾಗೇ ಇರುತ್ತೆ.”

ಪಟ್ಟಿಯಲ್ಲಿದ್ದ ಚುಕ್ಕಿಗಳನ್ನು ಇನ್ನೊಂದು ದೊಡ್ಡ ಟೆಲಿಸ್ಕೋಪು ನೋಡುತ್ತದೆ. ಕಸವನ್ನು ಯಾರೂ ಮತ್ತೆ ತೆರೆಯುವುದಿಲ್ಲ. ಅಂದರೆ ಪಟಪಟಿ ಸುಮ್ಮನಿದ್ದರೆ ವಿಷಯ ಯಾರಿಗೂ ಗೊತ್ತಾಗುವುದಿಲ್ಲ. ಬಾಯಿಬಿಟ್ಟರೆ ಅತ್ತೆ ಇನ್ನು ಈ ಕೆಲಸ ಕೊಡುವುದೇ ಇಲ್ಲ. ಗಡಿಯಾರ ನಾಲ್ಕೂ ಇಪ್ಪತ್ತು ತೋರಿಸುತ್ತಿತ್ತು. ಆದರೆ ಆ ಚುಕ್ಕಿ ಅಲ್ಲೆಲ್ಲೋ ಒಂಟಿಯಾಗಿ ಆರಿಹೋಗುತ್ತಿದೆಯಲ್ಲ.

“ಅತ್ತೆ.” ಪಟಪಟಿ ಬೋರ್ಡಿನ ಚುಕ್ಕಿಯ ಕಡೆಗೆ ಕೈ ತೋರಿಸಿದಳು. “ನಾನು ಮೂರೂ ನೋಡ್ಲಿಲ್ಲ. ಹಳೇ ಚಿತ್ರದಲ್ಲಿ ಗ್ಯಾಲಕ್ಸಿ ಇಲ್ದೇ ಇದ್ರೆ ಕಸಕ್ಕೆ ಹಾಕಿಬಿಡ್ತಿದ್ದೆ.”

“ಇವತ್ತು ಮಾತ್ರಾನಾ?”

“ಮೂರು ವಾರದಿಂದ.”

ಅತ್ತೆ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಬೋರ್ಡಿನ ಪೆನ್ನು ಕೆಳಗಿಟ್ಟು, “ಕಸ ತೆಗಿ,” ಎಂದಷ್ಟೇ ಹೇಳಿದರು.

ಮೂವರೂ ಒಂದೇ ಕಂಪ್ಯೂಟರಿನ ಮುಂದೆ ಕೂತರು. ಉದ್ದಣ್ಣ ಕೂಡ ತಮಾಷೆ ಮಾಡಲಿಲ್ಲ. ಧೂಳು, ಧೂಳು, ವಿಮಾನ, ಧೂಳು. ನೂರ ಹನ್ನೆರಡನೆಯದು ಬಂದಾಗ ಪಟಪಟಿ, “ಇದೇ,” ಎಂದಳು. ಅತ್ತೆ ಸುತ್ತಲಿನ ಆಕಾಶವೂ ಕಾಣುವಂತೆ ಚಿತ್ರವನ್ನು ಚಿಕ್ಕದು ಮಾಡುತ್ತ ಹೋದರು. ಚುಕ್ಕಿಯಿಂದ ಎಷ್ಟೋ ದೂರದಲ್ಲಿ, ಒಂದು ಮೂಲೆಯಲ್ಲಿ ಗ್ಯಾಲಕ್ಸಿಯೊಂದು ಕಂಡಿತು.

ಐದಕ್ಕೆ ನಾಲ್ಕು ನಿಮಿಷ ಇರುವಾಗ ಚುಕ್ಕಿ ಪಟ್ಟಿಗೆ ಸೇರಿತು.

“ಹಿಂದಿನ ವಾರಗಳದ್ದೆಲ್ಲಾ?” ಪಟಪಟಿ ಮೆಲ್ಲಗೆ ಕೇಳಿದಳು.

“ಎಲ್ಲಾ ತೆಗೆದು ನೋಡೋಣ. ಆದ್ರೆ ಆರಿಹೋಗಿರೋದು ಆರಿಹೋಯ್ತು ಪುಟ್ಟ.” ಅತ್ತೆ ಮೌಸನ್ನು ತಮ್ಮ ಕಡೆಗೆ ಎಳೆದುಕೊಂಡರು. “ಸದ್ಯಕ್ಕೆ ನೀನಿದನ್ನ ಮುಟ್ಬೇಡ.”

ಅವತ್ತು ಮನೆಗೆ ಹೋದವಳೇ ಪಟಪಟಿ ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಮಾರನೆಯ ದಿನದಿಂದ ಅವಳು ಆಫೀಸಿನ ಮೂಲೆಯ ಮೇಜಿನಲ್ಲಿ ಕೂತು ಬರೀ ಹೋಮ್‌ವರ್ಕ್ ಮಾಡಿದಳು. ಉದ್ದಣ್ಣ ಅವಳ ಮೂರು ವಾರದ ಕಸವನ್ನೆಲ್ಲ ಕೆದಕಿದ. ಎರಡು ಒಳ್ಳೆಯ ಚುಕ್ಕಿಗಳು ಸಿಕ್ಕವು. ಎರಡೂ ಆರಿಹೋಗಿದ್ದವು. ಅದನ್ನು ಅವನು ಜೋರಾಗಿ ಹೇಳಲಿಲ್ಲ, ಆದರೂ ಪಟಪಟಿಗೆ ಕೇಳಿಸಿತು.

ಹೀಗೇ ಕೆಲವು ವಾರ ಕಳೆದವು. ಒಂದು ದಿನ ಅತ್ತೆ, “ಪಟಪಟಿ, ಬಾ ಇಲ್ಲಿ,” ಎಂದರು. ಕಂಪ್ಯೂಟರಿನಲ್ಲಿ ಒಂದು ಗೆರೆ ಏರಿಳಿಯುತ್ತ ಸಾಗಿತ್ತು. ಒಂದು ಕಡೆ ಮಾತ್ರ ಬೆಟ್ಟದ ಹಾಗೆ ಎದ್ದು ನಿಂತಿತ್ತು.

“ನಿನ್ನ ಚುಕ್ಕಿಯ ಬೆಳಕನ್ನ ಬಣ್ಣ ಬಣ್ಣ ಬಿಡಿಸಿ ಅಳೆದಿದ್ದು ಇದು. ಈ ಬೆಟ್ಟ ಇದೆಯಲ್ಲ, ಅದೇ ಕ್ಯಾಲ್ಸಿಯಂ.”

ಪಟಪಟಿ ನಾಲಿಗೆಯಿಂದ ತನ್ನ ಹಲ್ಲು ಮುಟ್ಟಿ ನೋಡಿಕೊಂಡಳು. “ಅಷ್ಟು ದೂರ ಯಾಕೆ ಹೋಗಿತ್ತು ಅದು?”

“ಎರಡು ಮುದಿ ನಕ್ಷತ್ರ ಒಂದನ್ನೊಂದು ಸುತ್ತುತ್ತಾ ಇದ್ದಿರಬಹುದು. ಗ್ಯಾಲಕ್ಸಿ ಅವನ್ನ ಆಚೆ ಎಸೆದಿರಬಹುದು. ಸುತ್ತುತ್ತಾ ಸುತ್ತುತ್ತಾ ತೀರಾ ಹತ್ತಿರ ಬಂದು ಸಿಡಿದಿರಬಹುದು.”

“ಇಲ್ಲಾ ಅಲ್ಲೇ ಹುಟ್ಟಿರಬಹುದು,” ಎಂದ ಉದ್ದಣ್ಣ.

“ಯಾವುದು ಸರಿ?”

“ನಂಗೊತ್ತಿಲ್ಲ,” ಎಂದರು ಅತ್ತೆ.

“ನಂಗೂ ಗೊತ್ತಿಲ್ಲ ಕಣೇ,” ಎಂದ ಉದ್ದಣ್ಣ. “ಸರಿಯಾಗಿ ಇನ್ನೂ ಯಾರಿಗೂ ಗೊತ್ತಿಲ್ಲ.”

ಇಷ್ಟೆಲ್ಲ ಓದಿದವರು ಗೊತ್ತಿಲ್ಲ ಎನ್ನುತ್ತಿದ್ದರು, ಆದರೆ ಇಬ್ಬರ ಮುಖವೂ ಸಪ್ಪಗಾಗಿರಲಿಲ್ಲ. ಪಟಪಟಿ ಒಬ್ಬರಾದ ಮೇಲೆ ಒಬ್ಬರ ಮುಖ ನೋಡಿದಳು. ಇಬ್ಬರಿಗೂ ಖುಷಿಯೇ ಆಗಿದ್ದಂತಿತ್ತು.

ಅತ್ತೆ ಮೌಸನ್ನು ಅವಳ ಕಡೆಗೆ ಸರಿಸಿದರು. “ಇವತ್ತಿಂದು ನೋಡ್ತೀಯಾ?”

ಅಮ್ಮ ಬರುವ ಹೊತ್ತಿಗೆ ಹತ್ತೊಂಬತ್ತು ಮುಗಿದಿತ್ತು. ಉದ್ದಣ್ಣನದು ಅರವತ್ತು ದಾಟಿತ್ತು. ಇಪ್ಪತ್ತನೆಯದರಲ್ಲಿ ಚುಕ್ಕಿಯೇನೋ ಇತ್ತು, ಆದರೆ ಒಂದು ಬದಿ ಸ್ವಲ್ಪ ಎಳೆದಂತೆ ಕಾಣುತ್ತಿತ್ತು. ಪಟಪಟಿಯ ಬೆರಳು ‘ನಿಜ’ದ ಮೇಲೂ ಹೋಗಲಿಲ್ಲ, ‘ಕಸ’ದ ಮೇಲೂ ಹೋಗಲಿಲ್ಲ.

“ಹೊರಡೋಣ್ವಾ?” ಎಂದರು ಅಮ್ಮ ಬಾಗಿಲಲ್ಲೇ ನಿಂತು.

“ಐದು ನಿಮಿಷ ಇರಮ್ಮ.” ಪಟಪಟಿ ತನ್ನ ಕುರ್ಚಿಯನ್ನು ಪಕ್ಕಕ್ಕೆ ಸರಿಸಿ ಇನ್ನೊಂದು ಕುರ್ಚಿಗೆ ಜಾಗ ಮಾಡಿದಳು. “ಅತ್ತೆ, ಸ್ವಲ್ಪ ಬರ್ತೀರಾ? ಇದೇನೂಂತ ನಂಗೆ ಗೊತ್ತಾಗ್ತಿಲ್ಲ.”